ಪಂಪ್ ಮನೆ ಹಿಂದೆ ಅಂತ ಬರೆದವರು ಯಾರು

1998ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ ನಾನು ಓದು ನಿಲ್ಲಿಸಿದೆ. ಅವತ್ತಿನಿಂದ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಮಗ್ಗವೇ ನನ್ನ ಬದುಕು. ಮೊದಲು ಕೂಲಿಗೆ ನೇಯ್ದೆ, ಆಮೇಲೆ ಸ್ವಂತ ಮಾಡಿಕೊಂಡೆ, ಯಾರ ಮುಂದೂ ಕೈ ಚಾಚಲಿಲ್ಲ. ಮಗ್ಗದಲ್ಲಿ ಎಳೆ ಸುಮ್ಮಸುಮ್ಮನೆ ಕಡಿಯೋದಿಲ್ಲ, ಹುಡುಕಿದರೆ ಕಾರಣ ಸಿಕ್ಕೇ ಸಿಗುತ್ತದೆ. ಹಾಗಾಗಿ ಗಾಳಿ ಸೋಕಿತು, ಕಾಣದವರು ದಾರಿ ತೋರಿಸಿದರು ಅಂತ ಯಾರಾದರೂ ಹೇಳಿದರೆ ನಾನು ನಗುತ್ತಿದ್ದವನೇ. ಈಗ ನನ್ನದನ್ನು ಕೇಳಿ ನೀವು ನಕ್ಕರೂ ನನಗೆ ಬೇಜಾರಿಲ್ಲ.

ನನಗೆ ಒಬ್ಬಳೇ ತಂಗಿ, ರತ್ನ. ಬೂದಿಗೆರೆ ಹತ್ತಿರದ ಹಳ್ಳಿಗೆ ಕೊಟ್ಟಿದ್ದೆವು. ಗಂಡ ಹೊಡೆಯುತ್ತಿದ್ದ. ಒಂದು ಸಲ ಕೈ ಮೂಳೆಯೇ ಮುರಿಯಿತು. ಎರಡೂ ಕಡೆಯ ಹಿರಿಯರು ಪಂಚಾಯ್ತಿ ಮಾಡಿ, "ಹೊಂದ್ಕೊಂಡು ಹೋಗಮ್ಮ" ಅಂತ ವಾಪಸ್ ಕಳಿಸಿದರು. ಅದಾದ ಮೇಲೆ ಅವನು ದಿನಾ ಅವಳ ಫೋನ್ ಕಿತ್ತುಕೊಂಡು, ಯಾರಿಗೆ ಏನು ಬರೆದಿದ್ದಾಳೆ ಅಂತ ನೋಡಲು ಶುರು ಮಾಡಿದ.

ಅಮ್ಮನ ವರ್ಷದ ತಿಥಿಗೆ ಬಂದಾಗ ರತ್ನನೇ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಅದರಲ್ಲಿ ಬರೆದದ್ದಕ್ಕೆ ಬೀಗ ಬಿದ್ದಿರುತ್ತದಂತೆ. ಬರೆದವರು, ಓದುವವರು ಬಿಟ್ಟರೆ ಆ್ಯಪ್ ಮಾಡಿದ ಕಂಪನಿಯವರಿಗೂ ಕಾಣೋದಿಲ್ಲವಂತೆ. ಕಳಿಸಿದವರ ಫೋನಿನಲ್ಲಿ ಕಳಿಸಿದ ಐದು ನಿಮಿಷಕ್ಕೆ, ಓದುವವರ ಫೋನಿನಲ್ಲಿ ಓದಿದ ಐದು ನಿಮಿಷಕ್ಕೆ ಮೆಸೇಜು ತಾನಾಗಿ ಅಳಿಸಿಹೋಗುವ ಹಾಗೆ ಮಾಡಿದಳು. ತನ್ನ ಫೋನಿನಲ್ಲಿ ನನ್ನ ಹೆಸರು 'ಟೈಲರ್ ಜಯಮ್ಮ' ಅಂತ ಇಟ್ಟುಕೊಂಡಳು.

"ಮೀಸೆ ಇರೋ ಜಯಮ್ಮನ್ನ ಇವತ್ತೇ ನೋಡಿದ್ದು ಅಣ್ಣ" ಅಂತ ನಕ್ಕಳು. ಅವಳು ನಕ್ಕಿದ್ದು ನೋಡಿ ಎಷ್ಟು ಕಾಲ ಆಗಿತ್ತೋ.

ಆಮೇಲೆ ಎರಡೂ ಫೋನ್ ಪಕ್ಕಪಕ್ಕ ಹಿಡಿದು ಒಂದು ಉದ್ದನೆಯ ಸಂಖ್ಯೆ ತೋರಿಸಿದಳು. ಎರಡರಲ್ಲೂ ಒಂದೇ ಇತ್ತು. "ನಾನು ನಾನೇ ಅನ್ನೋಕೆ ಇದೇ ಗುರುತು. ನನ್ನ ಹೆಸರಲ್ಲಿ ಬೇರೆ ಫೋನಿಂದ ಯಾರಾದ್ರೂ ಬಂದ್ರೆ ಈ ಸಂಖ್ಯೆ ಬದಲಾಯ್ತು ಅಂತ ತೋರ್ಸುತ್ತೆ. ಆಗ ಅಲ್ಲಿರೋದು ನಾನಲ್ಲ ಅಂತ ತಿಳ್ಕೊ. ಒಂದಕ್ಷರಾನೂ ಬರೀಬೇಡ, ಅವರು ಹೇಳಿದ್ದು ಕೇಳ್ಬೇಡ."

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಜೇಬಿನಲ್ಲಿ ಫೋನ್ ನಡುಗಿತು. "ಜಯಮ್ಮ, ಬ್ಲೌಸ್ ಇವತ್ತೇ ಬೇಕು. ಮಧ್ಯಾಹ್ನ ಬಸ್ ಸ್ಟಾಪಿಗೆ ತನ್ನಿ." ಬಂದು ಕರಕೊಂಡು ಹೋಗು, ಇನ್ನು ಇಲ್ಲಿದ್ದರೆ ಉಳಿಯಲ್ಲ ಅಂತ ಅದರ ಅರ್ಥ. ಹಾಗಂತ ನಾವೇ ಮಾತಾಡಿಕೊಂಡಿದ್ದೆವು. ಓಡುತ್ತಿದ್ದ ಮಗ್ಗ ನಿಲ್ಲಿಸಿ, ಸೀರೆ ಸಾಗಿಸುವ ಗೂಡ್ಸ್ ಗಾಡಿಯಲ್ಲೇ ಹೊರಟೆ.

ದೇವನಹಳ್ಳಿ ದಾಟಿ ಅವಳ ಊರಿನ ಕ್ರಾಸ್ ಇನ್ನೇನು ಬಂತು ಅನ್ನುವಾಗ ಮತ್ತೆ ನಡುಗಿತು. ಗಾಡಿ ಪಕ್ಕಕ್ಕೆ ಹಾಕಿ ನೋಡಿದೆ. ಮೊದಲು ಬೂದು ಬಣ್ಣದ ಒಂದು ಸಾಲು: ಗುರುತಿನ ಸಂಖ್ಯೆ ಬದಲಾಗಿದೆ. ಅದರ ಕೆಳಗೆ, "ಬಸ್ ಸ್ಟಾಪಿಗೆ ಹೋಗ್ಬೇಡ. ದ್ರಾಕ್ಷಿ ತೋಟದ ಪಂಪ್ ಮನೆ ಹಿಂದೆ ಹೋಗು."

ಗಂಡನ ಕೈಗೆ ಎಲ್ಲ ಸಿಕ್ಕಿದೆ, ನನ್ನನ್ನು ತೋಟಕ್ಕೆ ಕಳಿಸಿ ಅವಳನ್ನು ಬಸ್ ಸ್ಟಾಪಿನಲ್ಲಿ ಹಿಡಿಯುತ್ತಾನೆ ಅಂದುಕೊಂಡೆ. ಕಾಲ್ ಮಾಡಿದರೆ ಸ್ವಿಚ್ ಆಫ್. ಬಿಸಿಲು ಸುರಿಯುತ್ತಿತ್ತು, ಕೇಳೋಣ ಅಂದರೆ ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಒಂದು ಕಡೆ ಬಸ್ ಸ್ಟಾಪ್, ಒಂದು ಕಡೆ ತೋಟದ ಮಣ್ಣು ದಾರಿ. ತಪ್ಪು ಕಡೆ ತಿರುಗಿದರೆ ತಂಗಿ ಇಲ್ಲ. ಅವಳು ಬರೆಯಬೇಡ ಅಂದಿದ್ದಳು, ಆದರೂ ಬರೆದೆ: "ಯಾರು ನೀವು?"

ತಕ್ಷಣ ಬಂತು. "ಅದೆಲ್ಲ ಆಮೇಲೆ. ಹೋಗು ಕಣಪ್ಪ, ಅವ್ಳು ಹೆದರ್ಕೊಂಡವ್ಳೆ."

ಮೋಸ ಮಾಡುವವನಾಗಿದ್ದರೆ ರತ್ನನ ಹಾಗೇ ಬರೆಯುತ್ತಿದ್ದ, ಅಣ್ಣ ಅನ್ನುತ್ತಿದ್ದ. ಇದು ವಯಸ್ಸಾದವರು ಗದರಿಸಿದ ಹಾಗಿತ್ತು. ಆಗ ಇಷ್ಟೆಲ್ಲ ಯೋಚನೆ ಮಾಡಿದೆನೋ ಇಲ್ಲವೋ, ಗಾಡಿಯನ್ನಂತೂ ಮಣ್ಣು ದಾರಿಗೆ ತಿರುಗಿಸಿದ್ದೆ.

ಪಂಪ್ ಮನೆ ಹಿಂದೆ, ಚಪ್ಪಲಿ ಕೈಯಲ್ಲಿ ಹಿಡಿದು ರತ್ನ ಕುಕ್ಕರುಗಾಲಲ್ಲಿ ಕೂತಿದ್ದಳು. ತುಟಿ ಊದಿತ್ತು. ನನ್ನನ್ನು ಕಂಡು ಅಳಲಿಲ್ಲ, ಬೆಚ್ಚಿಬಿದ್ದಳು.

"ಇಲ್ಲಿದೀನಿ ಅಂತ ಯಾರ್ ಹೇಳಿದ್ರು ಅಣ್ಣ?"

"ನೀನೇ ಬರೆಸಿದ್ಯಲ್ಲೇ!"

"ನಾನಾ? ಫೋನ್ ಎಲ್ಲೈತೆ ನಂಗೆ? ಬೆಳಿಗ್ಗೆನೇ ಒಗೆಯೋ ಕಲ್ಲಿಗೆ ಅಪ್ಪಳಿಸಿದ. ಸಿಮ್ಮನ್ನ ನನ್ ಕಣ್ಮುಂದೆನೇ ಎರಡು ತುಂಡು ಮಾಡ್ದ."

ಮೇವು ತರುತ್ತೇನೆ ಅಂತ ಹೇಳಿ ಮನೆ ಬಿಟ್ಟು ಬಸ್ ಸ್ಟಾಪಿಗೆ ಬಂದಿದ್ದಳು. ಬೆಳಿಗ್ಗೆಯ ಮೆಸೇಜನ್ನು ಅಳಿಸುವ ಮೊದಲೇ ಓದಿ ಅನುಮಾನಪಟ್ಟಿದ್ದನೋ ಏನೋ, ಅಲ್ಲಿ ಗಂಡನೂ ಅವನ ಇಬ್ಬರು ಸ್ನೇಹಿತರೂ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರಂತೆ. ದೂರದಿಂದಲೇ ನೋಡಿ, ಹೊಲದ ನಡುವೆ ಓಡಿ ಇಲ್ಲಿ ಬಚ್ಚಿಟ್ಟುಕೊಂಡಿದ್ದಳು. ದಾರಿಯಲ್ಲಿ ಯಾರೂ ಎದುರಾಗಲಿಲ್ಲ ಅಂದಳು. ಮೆಸೇಜು ತೋರಿಸೋಣ ಅಂತ ಫೋನ್ ತೆಗೆದೆ. ಅಷ್ಟರಲ್ಲಿ ಎಲ್ಲ ಅಳಿಸಿಹೋಗಿತ್ತು. ಸಂಖ್ಯೆ ಬದಲಾಗಿದೆ ಅನ್ನುವ ಬೂದು ಸಾಲು ಮಾತ್ರ ಉಳಿದಿತ್ತು.

ಆಮೇಲೆ ನಾನು ಹುಡುಕದ ಕಾರಣ ಇಲ್ಲ. ಅವಳ ಅತ್ತೆ ಇರಬಹುದಾ ಅಂತ ಕೇಳಿದೆ. "ಅತ್ತೆಗೆ ಫೋನ್ ಎತ್ತೋಕೇ ಬರಲ್ಲ, ಇನ್ನ ಬರೀತಾರಾ?" ಅಂದಳು. ಮೊಬೈಲ್ ಅಂಗಡಿಯವನ ಮುಂದೆ ಎಲ್ಲ ಹೇಳಿದೆ. "ಬೇರೆ ಫೋನಲ್ಲಿ ಆ ಆ್ಯಪ್ ತೆಗೀಬೇಕು ಅಂದ್ರೆ ಸಿಮ್ಮಿಗೆ ಓಟಿಪಿ ಬರ್ಬೇಕು. ಮುರಿದಿರೋ ಸಿಮ್ಮಿಗೆ ಎಲ್ಲಿಂದ ಬರುತ್ತೆ ಗುರು? ಮಗ್ಗದ ಸದ್ದು ನಿನ್ ತಲೆಗೇ ಹೊಡ್ದಿದೆ" ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ.

ಗಂಡನ ಮೇಲಿನ ಕೇಸು ಕೋರ್ಟಿನಲ್ಲಿದೆ. ಬೀದಿಯಲ್ಲಿ ಬೈಕ್ ನಿಂತ ಸದ್ದಾದರೆ ರತ್ನ ಈಗಲೂ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ನಾನು ಆಗಾಗ ಆ ಆ್ಯಪ್ ತೆಗೆದು, "ನೀವು ಯಾರು, ಹೇಳಿ, ಕೈ ಮುಗೀತೀನಿ" ಅಂತ ಬರೆಯುತ್ತೇನೆ. ಅದು ತಲುಪಿದ ಗುರುತು ಬೀಳೋದಿಲ್ಲ. ಐದು ನಿಮಿಷಕ್ಕೆ ನನ್ನ ಕಡೆಯಿಂದಲೂ ಅಳಿಸಿಹೋಗುತ್ತದೆ. ಮತ್ತೆ ಬರೆಯುತ್ತೇನೆ.

ಇವತ್ತಿಗೆ ನನಗಿರೋದು ಆರು ಮಗ್ಗ, ಒಂದು ಗೂಡ್ಸ್ ಗಾಡಿ, ಮನೆಯಲ್ಲಿ ಜೀವಂತ ಇರುವ ಒಬ್ಬಳು ತಂಗಿ. ಉತ್ತರ ಒಂದೂ ಇಲ್ಲ.