ಬೆಳಗಿನ ಏಳು ಗಂಟೆಯ ಊಟ

ಅಡುಗೆಯ ವಿಷಯದಲ್ಲಿ ನನಗೆ ಸೊಕ್ಕಿತ್ತು. ಬೇಡ ಎಂದವರ ತಾಟಿಗೂ ಇನ್ನೊಂದು ರೊಟ್ಟಿ ಹಾಕಿಯೇ ಬಿಡುವವಳು ನಾನು.

ನನ್ನ ಗಂಡ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಕಬ್ಬು ನುರಿಸುವ ತಿಂಗಳುಗಳಲ್ಲಿ ಒಂದು ವಾರ ಹಗಲು ಪಾಳಿ, ಮುಂದಿನ ವಾರ ರಾತ್ರಿ ಪಾಳಿ. ರಾತ್ರಿ ದುಡಿದು ಬೆಳಿಗ್ಗೆ ಏಳಕ್ಕೆ ಯರಗಟ್ಟಿಯ ಮನೆಗೆ ಬಂದರೆ ಅವರಿಗೆ ಬೇಕಾದದ್ದು ಹಾಸಿಗೆ ಮಾತ್ರ. ನಾನು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಕೆನೆಮೊಸರು ಇಟ್ಟುಕೊಂಡು ಕಾಯುತ್ತಿದ್ದೆ.

“ಹಸಿವಿಲ್ಲ. ನಡುರಾತ್ರಿ ಡಬ್ಬಿ ಉಂಡೇನಿ. ಮಲಗತೇನಿ ಬಿಡು,” ಅನ್ನುತ್ತಿದ್ದರು.

“ರಾತ್ರಿ ಎಲ್ಲಾ ದುಡದು ಖಾಲಿ ಹೊಟ್ಟೀಲೆ ಮಲಗತೀರೇನು? ಮಂದಿ ನನಗೇನಂತಾರ? ಸುಮ್ನ ಉಣ್ರಿ.”

ನಮ್ಮ ಕಡೆ ದುಡಿದು ಬಂದವರನ್ನು ಉಣ್ಣಿಸದೆ ಮಲಗಿಸುವುದೆಂದರೆ ಮನೆಯ ಹೆಂಗಸಿಗೆ ಮರ್ಯಾದೆಗೇಡು. ಅವರು ಅರೆಗಣ್ಣಲ್ಲೇ ರೊಟ್ಟಿ ಮುರಿಯುತ್ತಿದ್ದರು. ಒಮ್ಮೆ ಉಣ್ಣದೆ ಮಲಗಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದೆ. ಆಮೇಲೆ ಅವರು ಬೇಡ ಎನ್ನುವುದನ್ನೇ ಬಿಟ್ಟರು.

ಹೊಟ್ಟೆ ಬಂತು, ತೂಕ ಏರಿತು. ಪ್ಯಾಂಟಿನ ಸೊಂಟ ಬಿಚ್ಚಿಸಲು ವರ್ಷಕ್ಕೊಮ್ಮೆ ದರ್ಜಿಯ ಬಳಿ ಹೋಗುವಂತಾಯಿತು. “ನಿನ್ನ ಕೈಯಡಿಗಿ ಚಲೋ ಮೈಗೆ ಹತ್ತೈತಿ ನೋಡವಾ,” ಎಂದು ಓಣಿಯ ಹೆಂಗಸರು ಚೇಷ್ಟೆ ಮಾಡಿದರೆ ಉಬ್ಬಿಹೋಗುತ್ತಿದ್ದೆ. ಹಗಲೆಲ್ಲ ಹೊರಳಾಡಿ, ನಿದ್ದೆ ಹತ್ತದೆ ಎದ್ದು ಕೂತವರಿಗೆ ಮತ್ತೆ ಚುರಮರಿ, ಚಹಾ ಕೊಡುತ್ತಿದ್ದೆ. ಎಂಥ ದಡ್ಡಿ ನಾನು.

ಹೋದ ವರ್ಷ ಎಡಗಾಲಿನ ಹೆಬ್ಬೆರಳಿಗೆ ಆದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಬೈಲಹೊಂಗಲದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಸಕ್ಕರೆ ಕಾಯಿಲೆ ಎಂದರು. ಬೆರಳು ಉಳಿಯುವುದು ಕಷ್ಟ ಎಂದರು. ಪಾಳಿ, ಊಟದ ಹೊತ್ತು ಎಲ್ಲ ಕೇಳಿಕೊಂಡರು.

“ಮೈಯಾಗೂ ಒಂದು ಗಡಿಯಾರ ಇರತೈತ್ರಿ. ವಾರಕ್ಕೊಮ್ಮೆ ಹಗಲು ರಾತ್ರಿ ಅದಲು ಬದಲು ಆದ್ರ ಅದು ದಿಕ್ಕು ತಪ್ಪತೈತಿ. ಹೊತ್ತಲ್ಲದ ಹೊತ್ತಿನ್ಯಾಗ ಉಂಡದ್ದು ಸರಿಯಾಗಿ ಅರಗೂದಿಲ್ಲ, ಬೊಜ್ಜು ಬರತೈತಿ, ಸಕ್ಕರಿ ಏರತೈತಿ. ಪಾಳಿ ನಿಮ್ಮ ಕೈಯಾಗಿಲ್ಲ, ಖರೆ. ಆದ್ರ ನಡುರಾತ್ರಿ ಉಂಡವರಿಗೆ ಮುಂಜಾನಿ ಮತ್ತ ಹೊಟ್ಟಿ ತುಂಬ ಉಂಡು ಮಲಗ್ರಿ ಅಂತ ಯಾರು ಹೇಳಿದ್ರು?”

ನನ್ನ ಗಂಡ ನನ್ನತ್ತ ನೋಡಲೇ ಇಲ್ಲ.

“ಯಾರೂ ಇಲ್ರಿ. ಇಕಿ ಬ್ಯಾಡ ಬ್ಯಾಡ ಅಂತಿದ್ಲು. ನಂದೇ ಬಾಯಿ ಚಟ.”

ಹೆಂಡತಿಯ ಮಾತು ಕೇಳಬೇಕಿತ್ತು ಎಂದು ಡಾಕ್ಟರು ಅವರನ್ನು ಬೈದರು. ಅವರು ತಲೆ ತಗ್ಗಿಸಿ ಬೈಸಿಕೊಂಡರು. ಅಷ್ಟು ವರ್ಷ ಉಣ್ರಿ ಉಣ್ರಿ ಎಂದು ಗದರಿಸಿದ ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ತೆರೆಯಲಿಲ್ಲ.