ಬಿಳಿ ಕಾರಿನ ಮೇಲೆ ಅವ್ವನ ಗೆರೆ

ಅಪ್ಪ ತೀರಿಕೊಂಡ ಮೇಲೆ ಅಣ್ಣನೂ ನಾನೂ ಹೊಲ, ಮನೆ, ಪಾತ್ರೆ ಎಲ್ಲವನ್ನೂ ಹಂಚಿಕೊಂಡೆವು. ಹಂಚಲಾಗದೆ ಉಳಿದದ್ದು ಅಪ್ಪನ ಬಿಳಿ ಕಾರು ಮತ್ತು ನಮ್ಮವ್ವ. ಕಾರನ್ನೂ ಅವ್ವನನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೆ ನಡೆದದ್ದು ಹಾಗೆಯೇ. ಊರದೇವರ ಪೂಜೆ, ಬಾವಿಯ ನೀರು ನಮ್ಮ ಕಡೆ ಪಾಳಿಯ ಮೇಲೆ ನಡೆಯುತ್ತವೆ. ಇದೂ ಹಾಗೆಯೇ ನಡೆಯಲಿ ಎಂದು ಹಿರಿಯರು ತೀರ್ಮಾನಿಸಿದರು. ಯುಗಾದಿಯಿಂದ ಮಾರ್ನಮಿಯವರೆಗೆ ಮೊಳಕಾಲ್ಮೂರಿನಲ್ಲಿ ಅಣ್ಣನ ಮನೆ, ಮಾರ್ನಮಿಯಿಂದ ಯುಗಾದಿಯವರೆಗೆ ಚಳ್ಳಕೆರೆಯಲ್ಲಿ ನನ್ನ ಮನೆ. ಅವ್ವ ಎಲ್ಲಿಯೋ ಕಾರೂ ಅಲ್ಲಿಯೇ, ಏಕೆಂದರೆ ಮಂಡಿನೋವಿನ ಅವ್ವನಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ.

ಮಾರ್ನಮಿಯಲ್ಲಿ ಪಾಳಿ ಬದಲಾಗುವ ದಿನವೇ ಆಯುಧಪೂಜೆ. ಅಪ್ಪನಿದ್ದಾಗಿನಿಂದಲೂ ಕಾರಿನ ಬಾನೆಟ್ಟಿನ ಮೇಲೆ ವಿಭೂತಿ ಹಚ್ಚುವವಳು ಅವ್ವ. ವಿಭೂತಿ ಗಟ್ಟಿಯನ್ನು ಬಟ್ಟಲ ನೀರಿನಲ್ಲಿ ತೇದು, ನಡುವಿನ ಮೂರು ಬೆರಳುಗಳನ್ನು ಅದ್ದಿ, ಎಡದಿಂದ ಬಲಕ್ಕೆ ಒಂದೇ ಎಳೆತದಲ್ಲಿ ಮೂರು ಗೆರೆ ಎಳೆಯುತ್ತಿದ್ದಳು. ಹಚ್ಚಿದ್ದನ್ನು ಯಾರೂ ಒರೆಸುವಂತಿಲ್ಲ. ಮಳೆಗೋ ಗಾಳಿಗೋ ತಾನಾಗಿ ಹೋಗಬೇಕು.

ಅಪ್ಪ ಹೋದ ವರ್ಷ, ಅಣ್ಣನ ಅಂಗಳದಲ್ಲಿ ಅತ್ತಿಗೆಯ ಕಡೆಯ ಹಿರಿಯ ಹೆಂಗಸೊಬ್ಬರು, "ಈ ಸಲ ಮುತ್ತೈದೆ ಕೈಲಿ ಹಚ್ಚಿಸ್ರೀ, ಗಾಡಿ ರಸ್ತೆ ಮೇಲೆ ಓಡಾಡೋದು" ಎಂದರು. ಅವ್ವ ಕಂಬದ ಹಿಂದೆ ಸರಿದು ನಿಂತಳು. ನಾನು ಅತ್ತಿಗೆಯ ಕೈಯಿಂದ ತಟ್ಟೆ ತೆಗೆದುಕೊಂಡು ಅವ್ವನ ಕೈಗೆ ಕೊಟ್ಟು, "ವಿಭೂತಿಗೆ ಮುತ್ತೈದೆ ಯಾಕೆ ಬೇಕು? ಹಚ್ಚವ್ವ ನೀನು" ಎಂದೆ. ಅವ್ವ ಹಚ್ಚಿದಳು. ಇಪ್ಪತ್ತೆರಡು ವರ್ಷ ತರಗತಿಯಲ್ಲಿ ನಿಂತು ಇತರರ ಮಾತನ್ನು ತಿದ್ದಿದವನು ನಾನು. ಆದರೆ ಹೇಳಬೇಕಾದುದನ್ನು ಹೇಳಬೇಕಾದ ಹೊತ್ತಿನಲ್ಲಿಯೇ ಹೇಳಿದೆನೆಂದು ನೆನೆಯಲು ನನಗಿರುವುದು ಅದೊಂದೇ ಮಾತು. ಅದನ್ನೂ ಉಳಿಸಿಕೊಳ್ಳಲಿಲ್ಲ.

ಕಾರಿನ ವಿಷಯಕ್ಕೆ ಬರುತ್ತೇನೆ. ಅಣ್ಣನದು ರೇಷ್ಮೆ ಸೀರೆಯ ವ್ಯಾಪಾರ. ಸೀರೆಯ ಮಡಿಕೆಯಲ್ಲಿ ಕೂದಲೆಳೆಯಷ್ಟು ಸುಕ್ಕು ಬಂದರೆ ಸಹಿಸದ ಮನುಷ್ಯ, ಕಾರನ್ನು ಮಾತ್ರ ಬೇವಿನ ಮರದಡಿ ನಿಲ್ಲಿಸಿ, ಬೆಳಗ್ಗೆ ನೀರು ಕೂಡ ಹಾಕದೆ ಹಳೆಯ ಕಂಬಳಿಯ ತುಂಡಿನಿಂದ ಒರೆಸುತ್ತಿದ್ದ. ಒರೆಸಿದ ಮೇಲೆ ಹೊಳಪಿಗೆಂದು ನಾಲ್ಕು ಹನಿ ಕಡಲೆಕಾಯಿ ಎಣ್ಣೆ. ಇದು ಅಪ್ಪನಿಂದ ಬಂದ ರೂಢಿ. ಎಣ್ಣೆ ಮಿಲ್ಲಿನಲ್ಲಿ ಬಾಳು ಸವೆಸಿದ ಅಪ್ಪ ಬಾಗಿಲಿಗೂ ಚಪ್ಪಲಿಗೂ ಕಾರಿಗೂ ಅದೇ ಎಣ್ಣೆ ಹಚ್ಚುತ್ತಿದ್ದರು. ಎಣ್ಣೆಗೆ ಧೂಳು ಕೂತು, ಆ ಧೂಳನ್ನು ಕಂಬಳಿ ಬಣ್ಣದೊಳಕ್ಕೆ ತಿಕ್ಕಿ, ಬಿಳಿ ಕಾರು ವರ್ಷದಿಂದ ವರ್ಷಕ್ಕೆ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿತ್ತು.

ಮೂರು ಮಾರ್ನಮಿಗಳ ಹಿಂದಿನ ಮಾತು. ಅಮಾವಾಸ್ಯೆಯಂದು ಅಣ್ಣ ಏನೋ ಕೆಲಸಕ್ಕೆ ಚಳ್ಳಕೆರೆಗೆ ಬಂದವನು ಕಾರನ್ನು ಮುಂಚಿತವಾಗಿಯೇ ನನ್ನ ಮನೆಯ ಮುಂದೆ ಬಿಟ್ಟ. ಹಬ್ಬದ ದಿನ ನಾನು ಅದರಲ್ಲಿಯೇ ಮೊಳಕಾಲ್ಮೂರಿಗೆ ಹೋಗಿ, ಪೂಜೆ ಮುಗಿಸಿ, ಅವ್ವನನ್ನು ಕರೆತರುವುದೆಂದು ಮಾತಾಯಿತು.

"ತಗಳಪ್ಪಾ ಮೇಷ್ಟ್ರೇ, ನಿನ್ನ ಪಾಳಿ" ಎಂದು ಅಣ್ಣ ಕೀಲಿ ಕೊಟ್ಟ. "ಕೆಂಪು ಇಂಕು ತುಂಬಿಟ್ಕಂಡಿದೀಯೋ ಇಲ್ವೋ?"

"ಏನಣ್ಣಾ ಇದು, ಬಾನೆಟ್ಟು ಪೂರಾ ಗೀರು ಬಿದ್ದೈತೆ. ಕಂಬಳೀಲಿ ಒರೆಸಬ್ಯಾಡ ಅಂತ ಎಷ್ಟು ಸಲ ಹೇಳೋದು?"

"ಅಪ್ಪನೂ ಕಂಬಳೀಲೇ ಒರೆಸ್ತಿದ್ದ. ಅವಂಗೂ ಪಾಠ ಮಾಡ್ತಿದ್ಯೇನ್ಲೇ?"

"ಮಾಡಬೇಕಿತ್ತು."

"ಲೇ, ಕಾರು ಇರೋದು ಕುಂತು ಹೋಗಾಕೆ. ಮಕ ನೋಡ್ಕಣಾಕಲ್ಲ" ಎಂದು ನಗುತ್ತ ಬಸ್ಸಿನ ಕಡೆ ನಡೆದ.

ಆ ನಗು ನನ್ನನ್ನು ಕೆಣಕಿತು. ಅವ್ವನನ್ನು ಕರೆತರುವ ದಿನ ಕಾರು ಅಪ್ಪ ಕೊಂಡು ತಂದ ದಿನದಂತಿರಬೇಕು ಎಂದು ತೀರ್ಮಾನಿಸಿದೆ. ಕಾರ್ತೀಕದ ಮೊದಲ ಸೋಮವಾರ ಜಟಿಂಗ ರಾಮೇಶ್ವರದ ಬೆಟ್ಟದ ಬುಡದವರೆಗಾದರೂ ಕರೆದುಕೊಂಡು ಹೋಗು ಎಂದು ಅವ್ವ ಬೇಸಿಗೆಯಿಂದಲೂ ಕೇಳುತ್ತಿದ್ದಳು. ಅದಕ್ಕೂ ಸೇರಿ ಇದು ಸಿದ್ಧತೆ.

ಬಸ್ ನಿಲ್ದಾಣದ ಹತ್ತಿರದ ಬಿಡಿಭಾಗಗಳ ಅಂಗಡಿಗೆ ಮೂರು ದಿನ ಹೋದೆ. ಮೊದಲೆರಡು ದಿನ ಡಬ್ಬಿಗಳ ಮೇಲಿನ ಬರಹವನ್ನು ಓದಿ, ಗುರುತು ಹಾಕಿಕೊಂಡು ಬಂದೆ. ಮೂರನೆಯ ದಿನ ಅಂಗಡಿಯ ಸಾಹೇಬರು ಕೈಯೆತ್ತಿ ಸ್ವಾಗತಿಸಿದರು.

"ಆವೋ ಮೇಷ್ಟ್ರೇ. ಇವತ್ತು ಯಾವ ಡಬ್ಬಿ ಪಾಠ?"

"ಸಾಹೇಬ್ರೇ, ಇದು ಪಾಲಿಶೋ ವ್ಯಾಕ್ಸೋ? ಮೇಲೆ ಎರಡೂ ಬರೆದೈತೆ."

"ಎರಡೂ ಐತೆ ಸಾರ್ ಅದ್ರಾಗೆ. ಒಂದೇ ಡಬ್ಬಿ, ಎರಡು ಕೆಲಸ."

"ಪಾಲಿಶ್ ಅಂದ್ರೆ ಸವೆಸೋದು. ವ್ಯಾಕ್ಸ್ ಅಂದ್ರೆ ಮುಚ್ಚೋದು. ಸವೆಸ್ತಾ ಸವೆಸ್ತಾ ಹೆಂಗೆ ಮುಚ್ಚುತ್ತೆ?"

"ಯಾ ಅಲ್ಲಾ! ಕರೀ ಗಾಡಿಯವರು ಒಂದು ಗೀರಿಗೆ ಅಳ್ತಾ ಬರ್ತಾರೆ, ಖರೆ. ಬಿಳೀ ಗಾಡಿಗೆ ಇಷ್ಟು ಸವಾಲ್ ಕೇಳಿದೋರು ನೀವೊಬ್ರೇ."

ಆದರೂ ಅವರು ತಿಳಿದವರು. ಬಿಳಿ ಬಣ್ಣದಲ್ಲಿ ಗೀರಿಗಿಂತ ಹಳದಿಯೇ ಹೆಚ್ಚು ಎದ್ದು ಕಾಣುತ್ತದೆ ಎಂದರು. ಕಾಂಪೌಂಡ್ ಎಂಬ ತರಿತರಿ ಲೇಪದಿಂದ ಉಜ್ಜಿದರೆ ಬಣ್ಣವೇ ತೆಳುವಾಗುತ್ತದೆ, ನುಣುಪಾದ ಪಾಲಿಶ್ ಸಾಕು. ಹಳದಿ ಬಣ್ಣದ ವ್ಯಾಕ್ಸ್ ಬೇಡ, ಬಿಳಿ ಗಾಡಿಗೆಂದೇ ಬರುವ ಗಟ್ಟಿ ವ್ಯಾಕ್ಸ್ ಇದೆ, ಅದನ್ನು ತೆಗೆದುಕೊಳ್ಳಿ ಎಂದರು. ಒಂದು ಎಚ್ಚರಿಕೆಯನ್ನೂ ಕೊಟ್ಟರು: ಬಿಳಿಯ ಮೇಲೆ ಒಣಗಿದ ಬಿಳಿ ವ್ಯಾಕ್ಸ್ ಕಣ್ಣಿಗೆ ಕಾಣುವುದಿಲ್ಲ, ಎಲ್ಲಿ ಒರೆಸಿದೆ, ಎಲ್ಲಿ ಬಿಟ್ಟಿದೆ ಎಂಬುದು ಬೆರಳು ಆಡಿಸಿದರೇ ಗೊತ್ತಾಗುವುದು. ಕಡೆಗೆ ಡಬ್ಬಿಯನ್ನು ಕಾಗದದಲ್ಲಿ ಸುತ್ತುತ್ತ, "ಹಚ್ಚಿ ಒರೆಸಿದ ಮ್ಯಾಲೆ ಒಂದು ದಿನ ಮುಟ್ಟಬ್ಯಾಡಿ, ನೀರು ಬೀಳಬಾರದು. ಆಮೇಲೆ ನೋಡಿ, ಏನೂ ಅಂಟಲ್ಲ. ಕಾಗೆ ಹಿಕ್ಕೆ ಹಾಕಿದ್ರೂ ನಾಚ್ಕಂಡು ಜಾರಿ ಹೋಗ್ತೈತೆ" ಎಂದರು.

ಉಳಿದ ದಿನಗಳನ್ನೆಲ್ಲ ಕಾರಿಗೆ ಕೊಟ್ಟೆ. ಎಣ್ಣೆಯ ಜಿಡ್ಡು ಹೋಗಲು ಎರಡು ಸಲ ಶಾಂಪೂ. ಒಂದು ಬಕೆಟ್ಟು ತೊಳೆಯುವ ನೀರಿಗೆ, ಇನ್ನೊಂದು ಬಟ್ಟೆ ಹಿಂಡುವುದಕ್ಕೆ. ಆಮೇಲೆ ಪಾಲಿಶ್. ಒಂದು ಸಲಕ್ಕೆ ಒಂದು ಮೊಳ ಚೌಕ, ಅದಕ್ಕಿಂತ ಹೆಚ್ಚಿಲ್ಲ. ಬಾನೆಟ್ಟಿನ ನಡುವೆ ವರ್ಷಗಳ ವಿಭೂತಿಯ ಜಾಡು ತಿಳಿ ಹಳದಿಯಾಗಿ, ಒಂದರ ಮೇಲೊಂದು ಸರಿದು ನಿಂತಿತ್ತು. ಓರೆಯಾಗಿ ನೋಡಿದರೆ ಬೆರಳಿನ ಅಗಲ ಕೂಡ ತಿಳಿಯುತ್ತಿತ್ತು. ಬಟ್ಟೆಯಡಿಯಲ್ಲಿ ಅದು ಕರಗುತ್ತ ಹೋದಾಗ ನನಗೆ ತೃಪ್ತಿಯೇ ಆಯಿತು.

ನೋಡುತ್ತ ನಿಂತಿದ್ದ ನನ್ನ ಹೆಂಡತಿ, "ಅತ್ತೆ ಹಚ್ಚಿದ ಗುರುತು ಹೋಯ್ತಲ್ರೀ" ಎಂದಳು.

"ಗುರುತಲ್ಲ, ಕಲೆ."

ಅವಳು ಒಳಗೆ ಹೋದಳು.

ಹಬ್ಬದ ಹಿಂದಿನ ದಿನ ಸಂಜೆಯ ಹೊತ್ತಿಗೆ ವ್ಯಾಕ್ಸ್ ಹಚ್ಚಿ, ಬೆರಳಿನಿಂದ ಪರೀಕ್ಷಿಸಿ, ಒರೆಸಿ ಮುಗಿಸಿದೆ. ಮರುದಿನ ಬೆಳಗ್ಗೆ ಹಾದಿಯ ತಳಕು ಊರನ್ನು ದಾಟಿ ಹೋಗುವಾಗ ಎದುರಿನಿಂದ ಬಂದ ಲಾರಿಗಳ ಧೂಳನ್ನೂ ನಾನು ಶಪಿಸುತ್ತಿದ್ದೆ. ಅಣ್ಣನ ಅಂಗಳದಲ್ಲಿ ಕಾರು ನಿಂತಾಗ ಅಕ್ಕಪಕ್ಕದ ಮಗ್ಗದ ಮನೆಗಳವರು ಬಾಗಿಲಿಗೆ ಬಂದು ನೋಡಿದರು.

"ಚಾಲಾ ಬಾಗುಂದಿ ಮೇಷ್ಟ್ರೇ!" ಎಂದು ತೆಲುಗಿನಲ್ಲಿ ಮೆಚ್ಚಿದ ಅಣ್ಣ. "ಇದು ನಮ್ಮ ಗಾಡಿಯೋ, ಹಾದೀಲಿ ಬದ್ಲಾಯಿಸ್ಕಂಡು ಬಂದ್ಯೋ?"

ಅವ್ವನ ಕೈಚೀಲ ಆಗಲೇ ಹೊಸ್ತಿಲ ಬಳಿ ಸಿದ್ಧವಾಗಿತ್ತು. ಅವಳು ಗೋಡೆ ಹಿಡಿದು ಮೆಟ್ಟಿಲಿಳಿದು ಬಂದು ಬಾನೆಟ್ಟಿನ ಮೇಲೆ ಅಂಗೈ ಆಡಿಸಿದಳು.

"ಹಾಲಿನ ಕೆನೆ ಹಂಗೆ ಮಾಡಿದೀಯಲ್ಲೋ ಮಗಾ. ನನ್ನ ಹಳೇ ಗೆರೆ ಎಲ್ಲಿ?"

"ತೆಗೆದೆ ಅವ್ವ. ಹಳದಿಯಾಗಿತ್ತು."

"ಹೋಗ್ಲಿ ಬಿಡು, ಹೊಸವು ಎಳದ್ರಾತು" ಎಂದು ಅತ್ತಿಗೆಯಿಂದ ತಟ್ಟೆ ತೆಗೆದುಕೊಂಡಳು.

ಮೂರು ಬೆರಳು ಬಟ್ಟಲಿನಲ್ಲಿ ಅದ್ದಿ ಎಳೆಯಲು ತೊಡಗಿದಳು. ತೇದ ವಿಭೂತಿಯ ನೀರು ವ್ಯಾಕ್ಸಿನ ಮೇಲೆ ಹನಿಹನಿಯಾಗಿ ಒಡೆದು ಇಳಿಯತೊಡಗಿತು. ವ್ಯಾಕ್ಸ್ ಹಚ್ಚಿ ಇನ್ನೂ ಒಂದು ದಿನವಾಗಿರಲಿಲ್ಲ. ನಾನು ಯೋಚಿಸಲಿಲ್ಲ. "ತಡಿ ಅವ್ವಾ!" ಎಂದು ಅವಳ ಮಣಿಕಟ್ಟು ಹಿಡಿದುಕೊಂಡೆ, ಇನ್ನೊಂದು ಕೈಯಿಂದ ಜೇಬಿನಲ್ಲಿದ್ದ ಬಟ್ಟೆ ತೆಗೆದು, ಎಳೆದಷ್ಟು ಗೆರೆಯನ್ನು ಒರೆಸಿಬಿಟ್ಟೆ.

"ನೀನು ಇಲ್ಲಿ ಹಚ್ಚಬ್ಯಾಡವ್ವ. ಅತ್ತಿಗೆ ಒಂದು ಹೂವು ಇಟ್ರೆ ಸಾಕು."

ಹೂವು ಕಲೆ ಮಾಡುವುದಿಲ್ಲ, ಹೂವಿನ ಬುಟ್ಟಿ ಅತ್ತಿಗೆಯ ಕೈಯಲ್ಲಿತ್ತು. ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ. ಆದರೆ ಅಂಗಳದಲ್ಲಿದ್ದವರಿಗೆ ಕಂಡದ್ದು ಬೇರೆ. ಗಂಡ ಸತ್ತವಳ ಕೈಯನ್ನು ಮಗ ಹಿಡಿದು ತಡೆದ, ಅವಳು ಹಚ್ಚಿದ್ದನ್ನು ಪೂಜೆಯ ಹೊತ್ತಿನಲ್ಲಿ ಒರೆಸಿದ, ಮುತ್ತೈದೆಯನ್ನು ಮುಂದೆ ಕರೆದ. ಕೆಲವು ವರ್ಷಗಳ ಹಿಂದೆ ಇದೇ ಅಂಗಳದಲ್ಲಿ ಯಾವ ಮಾತಿಗೆ ನಾನು ಎದುರು ನಿಂತಿದ್ದೆನೋ ಆ ಮಾತನ್ನೇ ನನ್ನ ಕೈಯಾರೆ ನಡೆಸಿಕೊಟ್ಟಿದ್ದೆ.

ಅವ್ವ ಒದ್ದೆಯಾದ ಮೂರು ಬೆರಳುಗಳನ್ನು ನೋಡಿಕೊಂಡಳು. ಸೆರಗಿನ ತುದಿಗೆ ಒರೆಸಿಕೊಂಡಳು. ತಟ್ಟೆಯನ್ನು ಅತ್ತಿಗೆಗೆ ಕೊಟ್ಟಳು.

"ತಗಾ ತಾಯಿ. ನೀನೇ ಮಾಡು."

"ಅವ್ವಾ, ಹಂಗಲ್ಲ. ವ್ಯಾಕ್ಸ್ ಇನ್ನೂ ಬಲಿತಿಲ್ಲ. ನೀರು ಬಿದ್ರೆ, ವಿಭೂತಿ ಪುಡಿ ತಿಕ್ಕಿದ್ರೆ…"

"ಹೂಂ ಕಣಪ್ಪಾ. ನೀನು ಓದಿದೋನು. ನಿಂಗೆ ಗೊತ್ತಿರ್ತೈತೆ."

ಊಟವಾದ ಮೇಲೆ ನಾನು ಕಾರಿನ ಮುಂದಿನ ಬಾಗಿಲು ತೆರೆದು ನಿಂತೆ. ಅವ್ವ ಬಾಗಿಲ ತನಕ ಬಂದವಳು ಹೊಸ್ತಿಲ ಬಳಿಯ ಚೀಲವನ್ನು ಕಾಲಿನಿಂದ ಮೆಲ್ಲಗೆ ಒಳಕ್ಕೆ ಸರಿಸಿದಳು.

"ನೀನು ನಡಿಯಪ್ಪಾ. ಕಾರ್ತೀಕಕ್ಕೆ ನೋಡಾನ."

"ನನ್ನ ಪಾಳಿ ಅವ್ವ ಇದು."

"ಗಾಡಿ ತಗಂಡು ಹೋಗ್ಲೇ" ಎಂದ ಅಣ್ಣ. "ಅವ್ವ ಕುಂತ್ರೆ ಸೀಟು ಕೊಳೆ ಆದೀತು."

ಅಣ್ಣನಿಗೆ ನಿಜ ಗೊತ್ತಿತ್ತು. ನಾನು ಎಂಥ ಮನುಷ್ಯ, ಬಣ್ಣದ ವಿಷಯದಲ್ಲಿ ನನ್ನ ಹಟ ಎಂಥದು ಎಂಬುದನ್ನು ಅವನಷ್ಟು ಬಲ್ಲವರು ಯಾರೂ ಇಲ್ಲ. 'ಅವ್ವಾ, ಇವನಿಗೆ ಗಾಡಿಯ ಹುಚ್ಚು, ಬೇರೇನೂ ಇಲ್ಲ' ಎಂಬ ಒಂದು ಮಾತು ಅವನಿಂದ ಬಂದಿದ್ದರೆ ಅವ್ವ ನಂಬುತ್ತಿದ್ದಳು. ಅವನು ಆಡಲಿಲ್ಲ. ಅದಕ್ಕಾಗಿ ಅವನನ್ನು ಕ್ಷಮಿಸಿಲ್ಲ. ಕ್ಷಮಿಸುವ ಉದ್ದೇಶವೂ ಇಲ್ಲ.

ಮುಂದಿನ ವಾರಗಳಲ್ಲಿ ಫೋನಿನಲ್ಲಿ ಮೂರು ಸಲ ಅವ್ವನಿಗೆ ಎಲ್ಲವನ್ನೂ ಮೊದಲಿನಿಂದ, ಕ್ರಮವಾಗಿ ವಿವರಿಸಿದೆ. ಪಾಲಿಶ್ ಎಂದರೇನು, ವ್ಯಾಕ್ಸ್ ಎಂದರೇನು, ಒಂದು ದಿನ ಏಕೆ ಕಾಯಬೇಕು. ಅವಳು ಮೂರು ಸಲವೂ "ಹೂಂ ಕಣಪ್ಪಾ" ಎಂದಳು. ನನ್ನ ವಿವರಣೆಯಲ್ಲಿ ತಪ್ಪಿರಲಿಲ್ಲ. ಅದರಿಂದ ಏನೂ ಆಗಲಿಲ್ಲ.

ಕಾರ್ತೀಕದ ಮೊದಲ ಸೋಮವಾರ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ತೇದು, ಬಾನೆಟ್ಟಿನ ಮೇಲೆ ನಾನೇ ಮೂರು ಗೆರೆ ಎಳೆದೆ. ಅವ್ವ ನೋಡಲಿ, ಬಣ್ಣಕ್ಕಿಂತ ಅದು ನನಗೆ ದೊಡ್ಡದೆಂದು ತಿಳಿಯಲಿ ಎಂಬ ಆಸೆ. ನೀರು ಹನಿಯೊಡೆದು ಜಾರಿತು. ಗಟ್ಟಿಯಾಗಿ ತೇದು ಮತ್ತೆ ಎಳೆದೆ. ಒಣಗಿ ನಿಂತಂತೆ ಕಂಡಿತು. ತಳಕು ದಾಟುವಷ್ಟರಲ್ಲಿ ಅಂಚು ಪುಡಿಯಾಗಿ ಗಾಳಿಗೆ ಹಾರತೊಡಗಿತು. ಮೊಳಕಾಲ್ಮೂರಿನ ಹತ್ತಿರದ ಹಾನಗಲ್ಲಿನ ಹೊತ್ತಿಗೆ ಏನೂ ಉಳಿದಿರಲಿಲ್ಲ. ಸಾಹೇಬರು ಹೇಳಿದ್ದು ನಿಜ. ಅದರ ಮೇಲೆ ಏನೂ ಅಂಟುತ್ತಿರಲಿಲ್ಲ. ಬರೀ ಬಿಳಿಯ ಬಾನೆಟ್ಟಿನೊಡನೆ ಅಣ್ಣನ ಅಂಗಳಕ್ಕೆ ಹೋಗಿ ನಿಂತೆ.

"ಹತ್ತವ್ವ, ಬೆಟ್ಟಕ್ಕೆ ಹೋಗಾನ. ಅದಕ್ಕೆ ಮುಂಚೆ ಗಾಡಿಗೆ ನಿನ್ನ ಕೈಲಿ ಮೂರು ಗೆರೆ ಎಳಿ."

ಅವ್ವ ಜಗಲಿಯ ಮೇಲೆ ಕೂತೇ ಕಾರನ್ನು ನೋಡಿದಳು.

"ಬ್ಯಾಡ ಮಗಾ. ಹಂಗೇ ಚೆಂದ ಐತೆ. ಮಂಡಿ ಬ್ಯಾರೆ ಹಿಡ್ಕಂಡೈತೆ."

ನಾನು ಹೊರಡುವಾಗ ಒಳಗಿನಿಂದ ಕಾಗದದಲ್ಲಿ ಸುತ್ತಿದ ಒಂದು ವಿಭೂತಿ ಗಟ್ಟಿ ತರಿಸಿ ನನ್ನ ಕೈಗಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ.

"ಮುಂದಿನ ಸಲ ಹಬ್ಬಕ್ಕೆ ನಿನ್ನ ಹೆಂಡ್ತಿ ಕೈಲಿ ಹಚ್ಚಿಸು. ಮುತ್ತೈದೆ ಕೈ. ಗಾಡಿ ರಸ್ತೆ ಮೇಲೆ ಓಡಾಡೋದು."

ಪಾಳಿ ಈಗಲೂ ನಡೆಯುತ್ತಿದೆ. ಪ್ರತಿ ಮಾರ್ನಮಿಗೆ ಕಾರು ಚಳ್ಳಕೆರೆಗೆ ಬರುತ್ತದೆ, ಯುಗಾದಿಗೆ ಮರಳಿ ಹೋಗುತ್ತದೆ. ಅವ್ವ ಬರುವುದಿಲ್ಲ. ಆ ಗಟ್ಟಿಯನ್ನು ನಾವು ಮುಟ್ಟಿಲ್ಲ. ಕಪಾಟಿನಲ್ಲಿ ವ್ಯಾಕ್ಸಿನ ಡಬ್ಬಿಯ ಪಕ್ಕದಲ್ಲಿದೆ. ಡಬ್ಬಿಯಲ್ಲಿ ಇನ್ನೂ ಮುಕ್ಕಾಲು ಪಾಲು ಉಳಿದಿದೆ.