ಲಗ್ನಪತ್ರಿಕೆಯ ಬೆನ್ನ ಮೇಲೆ ಹೊಲದ ಹೆಸರು

ನನಗೆ ಮೂಗಿನ ತುದಿಯಲ್ಲೇ ಕೋಪ. ತರೀಕೆರೆಯಲ್ಲಿ ಎರಡು ವರ್ಷ ನಕಲು ಗುಮಾಸ್ತನಾಗಿದ್ದು ಕಡೂರು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ವರ್ಗವಾಗಿ ಬಂದಾಗ ಆ ಕೋಪವೂ ಜೊತೆಗೇ ಬಂತು. ದಿನಾ ಅಜ್ಜಂಪುರದಿಂದ ರೈಲಲ್ಲಿ ಓಡಾಟ. ಕಚೇರಿಯ ರೆಕಾರ್ಡ್ ಕೀಪರನ್ನು ಎಲ್ಲರೂ ಯಜಮಾನ್ರು ಅನ್ನುತ್ತಿದ್ದರು. ಅವರ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಆಮೇಲೆ ಆ ಕೆಲಸ ನನಗೆ ಬೇಕಿತ್ತು. ಮುಚ್ಚುಮರೆ ಯಾಕೆ, ಬೇಕೇ ಬೇಕಿತ್ತು.

ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟುಗಳು ಆ ಕೋಣೆಯಲ್ಲಿ ಸೂರು ಮುಟ್ಟುತ್ತಿದ್ದವು. ಯಾವುದು ಎಲ್ಲಿದೆ ಅನ್ನೋದು ಯಜಮಾನರ ತಲೆಯಲ್ಲಿ ಮಾತ್ರ. ಒಂದು ಪಟ್ಟಿ ಇಲ್ಲ, ಚೀಟಿ ಇಲ್ಲ. ಅವರು ಜ್ವರ ಬಂದು ಮಲಗಿದರೆ ಕಚೇರಿಯೂ ಮಲಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಪ್ರತಿ ಕಡತಕ್ಕೂ ಒಂದೊಂದು ಕಾರ್ಡು ಮಾಡೋಣ ಅಂತ ಹೊರಟೆ. ಕಚೇರಿಯಲ್ಲಿ ದಪ್ಪ ಕಾಗದ ಕೇಳಿದರೆ ಕೊಡಲಿಲ್ಲ. ಮನೆಯಲ್ಲಿ ತಂತಿಗೆ ಚುಚ್ಚಿಟ್ಟಿದ್ದ ಹಳೇ ಲಗ್ನಪತ್ರಿಕೆಗಳನ್ನೆಲ್ಲ ತಂದೆ, ನೆಂಟರ ಮನೆಗಳಲ್ಲೂ ಕೇಳಿ ತಂದೆ. ಒಂದೇ ಅಳತೆಗೆ ಕತ್ತರಿಸಿ, ಖಾಲಿ ಬೆನ್ನ ಮೇಲೆ ಊರು, ಸರ್ವೆ ನಂಬರು, ಗಂಟಿರುವ ಜಾಗ ಬರೆದು ಬಿಸ್ಕತ್ ಡಬ್ಬದಲ್ಲಿ ಜೋಡಿಸಿದೆ.

“ಏನಪ್ಪಾ, ಇಷ್ಟೊಂದು ಮದುವೆ ಯಾರಿಗೆ ಮಾಡಿಸ್ತೀಯಾ?” ಅಂತ ಯಜಮಾನ್ರು ಎಲೆಅಡಿಕೆ ಮೆಲ್ಲುತ್ತಾ ಕೇಳಿದರು. ನಾನು ಮುಖ ತಿರುಗಿಸಿದೆ.

ಕಾರ್ಡು ಬರೆಯುತ್ತಾ ಆರು ತಿಂಗಳು ಕಳೆಯಿತು. ಡಬ್ಬದ ಸುದ್ದಿ ತಾಲ್ಲೂಕಿನ ದೊಡ್ಡ ಸಾಹೇಬರಾದ ಅಮಲ್ದಾರರ ಕಿವಿಗೆ ಬಿತ್ತು. ಒಂದು ಬೆಳಿಗ್ಗೆ ರೆಕಾರ್ಡ್ ರೂಮಿಗೇ ಬಂದು ಕೂತರು. “ಇವತ್ತು ಮೊದಲು ಬರೋ ಅರ್ಜಿಯವರ ಕಡತ ನೀನು ಯಜಮಾನರಿಗಿಂತ ಬೇಗ ತೆಗಿ. ತೆಗೆದರೆ ಈ ಜಾಗಕ್ಕೆ ನಿನ್ನ ಹೆಸರನ್ನೇ ಮೇಲಕ್ಕೆ ಬರೀತೀನಿ” ಅಂದರು.

ಬಂದದ್ದು ಹಿರೇನಲ್ಲೂರಿನ ಒಬ್ಬ ಅಜ್ಜಿ. ಜಾಲಿಗುಂಡಿ ಹೊಲದ ನಕಲು ಬೇಕು ಅಂದಳು.

“ನಂಬರ್ ಹೇಳಜ್ಜಿ.”

“ನಂಗೇನ್ ಗೊತ್ತು?”

“ನಂಬರ್ ಇಲ್ದೆ ಬಂದ್ರೆ ನಾನೇನು ಜೋಯಿಸನಾ?” ಅಂತ ರೇಗಿಬಿಟ್ಟೆ.

ಅಜ್ಜಿ ಜಗ್ಗಲಿಲ್ಲ. “ಹೊಲಕ್ಕೆ ನಮ್ಮತ್ತೆ ಕಾಲದಿಂದ್ಲೂ ಹೆಸ್ರೈತೆ ಕಣಪ್ಪ. ನಂಬ್ರ ಇಟ್ಟೋರು ನೀವು, ನೀವೇ ನೆಪ್ಪಿಟ್ಕಳ್ಳಿ.”

ಅಷ್ಟರಲ್ಲಿ ಯಜಮಾನ್ರು ಸರಸರ ಏಣಿ ಹತ್ತಿ ಗಂಟು ಇಳಿಸಿಯೇಬಿಟ್ಟಿದ್ದರು. ಅಮಲ್ದಾರರು ನಕ್ಕು, “ಇವರ ನಿವೃತ್ತಿಗೆ ಇನ್ನೂ ಆರು ತಿಂಗಳಿದೆ, ನೋಡೋಣ” ಅಂದು ಎದ್ದು ಹೋದರು. ಡಬ್ಬ ಎತ್ತಿ ಬೀದಿಗೆ ಎಸೆಯೋಣ ಅನ್ನಿಸಿತು.

ಎರಡು ದಿನ ಯಜಮಾನರ ಜೊತೆ ಮಾತು ಬಿಟ್ಟೆ. ಅಜ್ಜಿ ಹೇಳಿದ್ದು ಮಾತ್ರ ತಲೆಯಿಂದ ಹೋಗಲೊಲ್ಲದು. ಮೂರನೇ ದಿನ ನಾಚಿಕೆ ಬಿಟ್ಟು, “ಯಜಮಾನ್ರೇ, ಹೊಲದ ಹೆಸರುಗಳನ್ನೆಲ್ಲ ಹೇಳ್ತೀರಾ? ಬರ್ಕೋತೀನಿ” ಅಂದೆ.

ಎಲೆಗೆ ಸುಣ್ಣ ಸವರುತ್ತಿದ್ದ ಬೆರಳು ನಿಂತಿತು. “ಮೂವತ್ತು ವರ್ಷ ಆಯ್ತು ಕಣೋ. ಇದನ್ನ ಕೇಳಿದೋನು ನೀನೇ ಮೊದಲು” ಅಂದರು. ಎಲೆ ಬಾಯಿಗಿಟ್ಟುಕೊಂಡು, “ಬರ್ಕೋ.”

ದಿನಾ ಊಟದ ಬುತ್ತಿ ಮುಚ್ಚಿದ ಮೇಲೆ ಅವರು ಹೇಳೋದು, ನಾನು ಕಾರ್ಡಿನ ಮೇಲೆ ಬರೆಯೋದು. ಗೊಲ್ಲರ ದಿಬ್ಬ, ಕೊಕ್ಕರೆಕಟ್ಟೆ, ಸೂಲಗಿತ್ತಿ ಹೊಲ. ಒಂದೊಂದು ಹೆಸರಿಗೂ ಒಂದು ಕಥೆ. ಸಂಜೆಗೂ ಕಥೆ ಮುಗಿಯದೆ ಎಷ್ಟೋ ಸಲ ರೈಲು ತಪ್ಪಿಸಿಕೊಂಡೆ. ಅಷ್ಟು ಸುಖವಾಗಿ ಬೇರೆ ಯಾವ ಕೆಲಸವನ್ನೂ ನಾನು ಮಾಡಿಲ್ಲ. ಕೋಪ ಎಲ್ಲಿ ಹೋಗಿತ್ತೋ.

ಯಜಮಾನರ ನಿವೃತ್ತಿಗೆ ವಾರವಿರುವಾಗ ಅಮಲ್ದಾರರು ಮತ್ತೆ ಬಂದು ಕೂತರು. ಆವತ್ತು ಬಂದವನು ಸಖರಾಯಪಟ್ಟಣದ ಕಡೆಯ ರೈತ. “ಸೂಲಗಿತ್ತಿ ಹೊಲದ್ದು ಸ್ವಾಮಿ” ಅಂದ. ಅವಸರಕ್ಕೆ ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡವು. ಒಂದು ಸಾಲು ಹುಡುಕಿದೆ, ಸಿಗಲಿಲ್ಲ. ಎರಡನೇ ಸಾಲಿಗೆ ಕೈ ಹಾಕಿದೆ. ಯಜಮಾನ್ರು ಈಗ ಏಣಿ ಹತ್ತುತ್ತಾರೆ, ಈಗ ಹತ್ತುತ್ತಾರೆ ಅಂತ ಮತ್ತೆ ಮತ್ತೆ ಆ ಕಡೆ ನೋಡುತ್ತಿದ್ದೆ. ಅವರು ಎಲೆ ಮಡಿಸುತ್ತಾ ಕೂತೇ ಇದ್ದರು. ಕೊನೆಗೆ ಕಾರ್ಡು ಸಿಕ್ಕಿತು. ಗಂಟು ಇಳಿಸಿದೆ. ಅಮಲ್ದಾರರು ಅಲ್ಲೇ ಕಾಗದ ತರಿಸಿ ನನ್ನ ಹೆಸರು ಬರೆದರು.

ಸಂಜೆ ಇಬ್ಬರೂ ಕಚೇರಿಯ ಮೆಟ್ಟಿಲು ಇಳಿಯುವಾಗ ಕೇಳಿಯೇಬಿಟ್ಟೆ. “ಆ ಹೊಲ ನಿಮಗೆ ಗೊತ್ತಿತ್ತಲ್ಲ ಯಜಮಾನ್ರೇ. ಯಾಕೆ ಏಳ್ಲಿಲ್ಲ?”

“ಮಂಡಿ ನೋವು ಕಣೋ” ಅಂದರು.

ಅಂದವರೇ ಪಂಚೆ ಎತ್ತಿ ಕಟ್ಟಿ ಬಸ್ ಸ್ಟ್ಯಾಂಡಿನ ಕಡೆ ಬಿರಬಿರ ನಡೆದರು. ಅವರ ಹಿಂದೆ ನಾನು ಓಡಬೇಕಾಯಿತು.